ಅಂಗೈಯಗಲದ ಹಿಡಿತ

ನೂರು ಕಿಲೋಮೀಟರು ವೇಗದಲ್ಲಿ ಓಡುವ ಕಾರೊಂದು ನೆಲವನ್ನು ಮುಟ್ಟಿರುವುದು ಎಷ್ಟು ಜಾಗದಲ್ಲಿ? ಇದಕ್ಕೆ ಉತ್ತರ ಕಂಡುಹಿಡಿಯಲು ಹೈಸ್ಕೂಲಿನ ಲೆಕ್ಕ ಸಾಕು. ಕಾರಿನ ತೂಕ 950 ಕಿಲೋ, ಒಳಗೆ ಕೂತವರದು 60 ಕಿಲೋ ಎಂದಿಟ್ಟುಕೊಳ್ಳಿ. ಅದನ್ನು ನಾಲ್ಕು ಗಾಲಿಗಳಿಗೆ ಹಂಚಿದರೆ ಒಂದೊಂದರ ಮೇಲೆ ಸುಮಾರು 250 ಕಿಲೋ ಭಾರ. ಟೈರಿನೊಳಗಿನ ಗಾಳಿ 28 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಹತ್ತಿರಹತ್ತಿರ ಎರಡು ಕಿಲೋ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಬರುವುದು 130 ಚದರ ಸೆಂಟಿಮೀಟರಿನ ಆಸುಪಾಸು. ಬೆರಳು ಜೋಡಿಸಿ ಚಾಚಿದ ಒಂದು ಅಂಗೈಯಷ್ಟು! ಬ್ರೇಕು, ಸ್ಟಿಯರಿಂಗು, ಎಂಜಿನ್ನು ಏನೇ ಮಾಡಿದರೂ ಅದೆಲ್ಲ ಕೊನೆಗೆ ರಸ್ತೆಗೆ ತಲುಪಬೇಕಾದದ್ದು ಇಂಥ ನಾಲ್ಕು ಅಂಗೈಗಳ ಮೂಲಕವೇ.

ಹಾಸನದ ಹುಡುಗಿಯೊಬ್ಬಳು ಈ ಲೆಕ್ಕವನ್ನು ಮೊದಲ ಬಾರಿ ಮಾಡಿದ್ದು ಪರೀಕ್ಷೆಗಾಗಿ ಅಲ್ಲ, ತಂದೆಯನ್ನು ಒಪ್ಪಿಸುವುದಕ್ಕಾಗಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಹೆಚ್ಚಿನ ಓದಿಗೆ ಕ್ಯಾಲಿಫೋರ್ನಿಯಕ್ಕೆ ಹೋದವಳು 2022ರಲ್ಲಿ ಹಳೆಯದೊಂದು ಮಾಜ್ದಾ ಎಂಎಕ್ಸ್-5 ಕಾರು ಕೊಂಡಳು. ಅಮೆರಿಕದವರು ಅದನ್ನು ಮಿಯಾಟ ಎನ್ನುತ್ತಾರೆ. ಎರಡೇ ಸೀಟು, ಬಟ್ಟೆಯ ಮಾಡು, 1991ರ ಮಾದರಿ. ಅವಳು ಹುಟ್ಟುವ ಮೊದಲೇ ಕಾರ್ಖಾನೆಯಿಂದ ಹೊರಬಿದ್ದದ್ದು. ಕೊಳ್ಳುವ ತನಕ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಅದನ್ನು ರೇಸ್ ಪಥದ ಮೇಲೆ ಓಡಿಸುತ್ತೇನೆ ಎಂದಾಗ ಮಾತ್ರ ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟು ಒಳಗೆ ಹೋದರು.

ಟ್ರ್ಯಾಕ್ ಡೇ ಎಂಬುದು ರೇಸಲ್ಲ. ರೇಸಿನ ಪಥವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಪಡೆದು, ಸಾಮಾನ್ಯ ಜನ ತಮ್ಮ ಕಾರುಗಳನ್ನು ಇಪ್ಪತ್ತು ಇಪ್ಪತ್ತು ನಿಮಿಷದ ಸರದಿಗಳಲ್ಲಿ ಓಡಿಸುವ ಏರ್ಪಾಡು. ಬಹುಮಾನವಿಲ್ಲ, ಮೊದಲು ಬಂದವರಾರೆಂದು ಯಾರೂ ಕೇಳುವುದಿಲ್ಲ. ಹೊಸಬರ ಪಕ್ಕದ ಸೀಟಿನಲ್ಲಿ ಕಲಿಸುವವರು ಕೂರುತ್ತಾರೆ. ಮುಂದಿನ ಕಾರಿನವರು ಕೈ ತೋರಿಸಿದ ಮೇಲಷ್ಟೇ ಅವರನ್ನು ದಾಟಬೇಕು. ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಮಾಡಿಲ್ಲದ ಕಾರಾದರೆ ತಲೆಯ ಹಿಂದೆ ಉಕ್ಕಿನ ಕಮಾನು ಕಟ್ಟಿಸಿರಬೇಕೆಂಬುದು ಹೆಚ್ಚಿನ ಕಡೆ ಇರುವ ನಿಯಮ. ನಮ್ಮಲ್ಲೂ ಬೆಂಗಳೂರಿನ ಆಸಕ್ತರು ಇದೇ ಉದ್ದೇಶಕ್ಕೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಪಥಕ್ಕೆ ಹೋಗುವುದುಂಟು.

ಅಪ್ಪ ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಟೈರು ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರ ಕೈಗೆ ಗೊತ್ತಿದ್ದದ್ದು ಬಸ್ಸಿನ 9.00-20, 10.00-20 ಟೈರುಗಳು, ಹೊಸದು ಮುಂದಕ್ಕೆ, ರಿಟ್ರೆಡ್ ಹಿಂದಕ್ಕೆ ಎಂಬ ಕ್ರಮ, ಹಿಂದಿನ ಜೋಡಿ ಗಾಲಿಗಳಲ್ಲಿ ಒಂದರ ಗಾಳಿ ಕಡಿಮೆಯಾದರೆ ಇನ್ನೊಂದು ಇಬ್ಬರ ಕೂಳಿನ ಕೆಲಸವನ್ನೂ ಮಾಡಿ ಸಾಯುತ್ತದೆ ಎಂಬ ಅನುಭವ. ಸ್ಪೋರ್ಟ್ಸ್ ಕಾರನ್ನು ಅವರು ಹತ್ತಿರದಿಂದ ಕಂಡವರೇ ಅಲ್ಲ. ಬೇಡ ಎಂದೂ ಅವರು ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. "ಪುಟ್ಟಿ, ಆ ಗಾಡಿಗೆ ಹಾಕಿರೋ ಟೈರು ಹುಟ್ಟಿದ್ದು ಯಾವಾಗ, ಮೊದಲು ಅದನ್ನ ನೋಡು" ಎಂದರು.

"ಗ್ರಿಪ್ ಚೆನ್ನಾಗೇ ಇದೆಯಪ್ಪ, ಅರ್ಧ ಕೂಡ ಸವೆದಿಲ್ಲ."

"ಸವೆದಿದ್ದನ್ನ ಕೇಳಲಿಲ್ಲ ನಾನು."

2000ದಿಂದ ಈಚೆಗೆ ತಯಾರಾದ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಉಳಿದೆರಡು ವರ್ಷ. ಅವಳು ಟಾರ್ಚು ಹಿಡಿದು ಕಾರಿನಡಿ ತೂರಿ ನೋಡಿದಾಗ ಕಂಡದ್ದು 1112. ಎಂದರೆ 2012ರ ಹನ್ನೊಂದನೆಯ ವಾರ. ಹಿಂದಿನ ಯಜಮಾನ ಕಾರನ್ನು ಹೆಚ್ಚಾಗಿ ಷೆಡ್ಡಿನಲ್ಲೇ ಇಟ್ಟಿದ್ದರಿಂದ ಗೀರುಗಳು ಆಳವಾಗಿಯೇ ಉಳಿದಿದ್ದವು. ಆದರೆ ರಬ್ಬರು ಓಡದೆಯೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಬಿಸಿಲು, ಸೆಕೆ ಎಲ್ಲವೂ ಸೇರಿ ಅದನ್ನು ಗಡುಸಾಗಿಸುತ್ತವೆ. ಒಳಪದರಗಳ ಬೆಸುಗೆ ಸಡಿಲವಾಗುತ್ತದೆ. ಹತ್ತು ವರ್ಷ ದಾಟಿದ ಟೈರನ್ನು ಬಳಸಲೇಬೇಡಿ ಎಂದು ಹಲವು ತಯಾರಕರು ಹೇಳುತ್ತಾರೆ. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ಕಂಪನಿಗಳೂ ಇವೆ. ನೋಡುವ ಕಣ್ಣಿಗೆ ಹೊಸದರಂತಿದ್ದ ಆ ನಾಲ್ಕನ್ನೂ ಅವಳು ಕಳಚಿಸಿದಳು. ಅಳತೆಯ ಮಾತು ಬಂದದ್ದು ಆಮೇಲೆ.

ಟೈರಿನ ಮೈಮೇಲಿನ ಬರಹ ಒಂದು ಜಾತಕವೇ ಸರಿ, ಓದಲು ಗೊತ್ತಿರಬೇಕು ಅಷ್ಟೆ. ಈ ಕಾರಿಗೆ ಕಂಪನಿಯವರು ಮೊದಲು ಕೊಟ್ಟಿದ್ದ ಅಳತೆ 185/60ಆರ್14. ಇಲ್ಲಿ 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂಬುದು ಪಕ್ಕೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ. 'ಆರ್' ಎಂದರೆ ರೇಡಿಯಲ್. 14 ಎಂಬುದು ರಿಮ್ಮಿನ ವ್ಯಾಸ, ಅದು ಮಾತ್ರ ಅಂಗುಲದಲ್ಲಿ. ಮಿಲಿಮೀಟರು, ಶೇಕಡಾ, ಅಂಗುಲ ಮೂರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ ಪುಣ್ಯಾತ್ಮರು ಯಾರೋ! ಪಕ್ಕದಲ್ಲಿರುವ 82 ಎಚ್ ಎಂಬುದಕ್ಕೆ ಟೈರು 475 ಕಿಲೋ ಹೊರಬಲ್ಲದು, ಗಂಟೆಗೆ 210 ಕಿಲೋಮೀಟರು ತಾಳಬಲ್ಲದು ಎಂದು ಅರ್ಥ. ಒಟ್ಟು ವ್ಯಾಸ ಬೇಕೆಂದರೆ ಪಕ್ಕೆಯ ಎತ್ತರವನ್ನು ಎರಡರಿಂದ ಗುಣಿಸಿ ರಿಮ್ಮಿಗೆ ಕೂಡಿಸಬೇಕು: 222 ಮತ್ತು 356, ಒಟ್ಟು 578 ಮಿಲಿಮೀಟರು.

ಈ 578ನ್ನು ಅವಳು ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡಳು. ಏಕೆಂದರೆ ಅಳತೆ ಬದಲಿಸುವವರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ವ್ಯಾಸ ಹೆಚ್ಚಿತೆಂದರೆ ಕಾರಿಗೆ ಗೇರು ಬದಲಿಸಿದಂತೆ. ಎಂಜಿನ್ನಿನ ಎಳೆತ ಅಷ್ಟರಮಟ್ಟಿಗೆ ಕುಗ್ಗುತ್ತದೆ, ವೇಗಮಾಪಕ ಸುಳ್ಳು ಹೇಳತೊಡಗುತ್ತದೆ. ಆ ಕಾರಿನ 1.6 ಲೀಟರಿನ ಎಂಜಿನ್ನಿಗೆ ಇದ್ದದ್ದೇ 116 ಅಶ್ವಶಕ್ತಿ. ಕಳೆದುಕೊಳ್ಳಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ.

ಅವಳ ಮನಸ್ಸಿದ್ದದ್ದು 225/45ಆರ್15ರ ಮೇಲೆ. ಆ ಕಾರನ್ನು ಪಥದಲ್ಲಿ ಓಡಿಸುವ ಬಹುಮಂದಿ ಅದನ್ನೇ ಹಾಕುತ್ತಾರೆ. ವ್ಯಾಸ 584, ಮೂಲಕ್ಕಿಂತ ಆರೇ ಮಿಲಿಮೀಟರು ಹೆಚ್ಚು. ನೋಡಲೂ ಗತ್ತು. ಅಗಲವಾದಷ್ಟೂ ಹಿಡಿತ ಹೆಚ್ಚು ಎಂಬುದು ಎಲ್ಲರೂ ಆಡುವ ಮಾತು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಅಲಂಕಾರಕ್ಕೆ ನಿಂತ ಹುಡುಗರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೆ ಮೇಲಿನ ಲೆಕ್ಕಕ್ಕೆ ಮತ್ತೆ ಹೋಗಿ ನೋಡಿ. ಭಾರವನ್ನು ಒತ್ತಡದಿಂದ ಭಾಗಿಸಿದಾಗ ಅಗಲದ ಮಾತೇ ಬರಲಿಲ್ಲವಲ್ಲ! ಅದೇ ಗಾಳಿ, ಅದೇ ಭಾರ ಇದ್ದರೆ ನೆಲ ಮುಟ್ಟುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಅದರ ಆಕಾರ. ಕಿರಿದಾದ ಟೈರಿನ ಅಂಗೈ ಉದ್ದುದ್ದ, ಅಗಲ ಟೈರಿನ ಅಂಗೈ ಅಡ್ಡಡ್ಡ.

ಹಾಗಿದ್ದರೆ ರೇಸಿನವರೆಲ್ಲ ಅಗಲ ಟೈರು ಹಾಕುವುದು ಮರುಳಿಗೆಯೇ? ಅಲ್ಲ. ರಬ್ಬರಿಗೆ ಒಂದು ಸ್ವಭಾವವಿದೆ. ಅದರ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತವೂ ಹೆಚ್ಚುತ್ತದೆ, ಆದರೆ ಇಮ್ಮಡಿಯಾಗುವುದಿಲ್ಲ. ಎರಡು ಕೊಡಗಳನ್ನು ಎರಡು ಕೈಯಲ್ಲಿ ಹಿಡಿದು ಸಲೀಸಾಗಿ ನಡೆಯುವವರಿಗೆ ಎರಡನ್ನೂ ಒಂದೇ ಕೈಗೆ ಕೊಟ್ಟರೆ ಹೇಗೋ ಹಾಗೆ. ತಿರುವಿನಲ್ಲಿ ಕಾರಿನ ಭಾರವೆಲ್ಲ ಹೊರಗಿನ ಎರಡು ಗಾಲಿಗಳ ಮೇಲೆ ವಾಲುತ್ತದೆ. ಅಗಲವಾದ ಟೈರು ಆ ಹೆಚ್ಚುವರಿ ಭಾರವನ್ನು ಕಡಿಮೆ ನಷ್ಟದಲ್ಲಿ ಹೊರುತ್ತದೆ. ಜೊತೆಗೆ ಅದರಲ್ಲಿ ರಬ್ಬರು ಹೆಚ್ಚಿರುವುದರಿಂದ ಕಾವನ್ನೂ ಹೆಚ್ಚು ತಾಳುತ್ತದೆ. ಕಿರಿದಾದ ಟೈರು ಬಿಸಿಲಿನ ದಿನ ನಾಲ್ಕೈದು ಸುತ್ತಿಗೇ ಬೆಣ್ಣೆ ಸವರಿದಂತಾಗಿಬಿಡುತ್ತದೆ.

ಆದರೆ ಕಾವಿನ ಮಾತಿಗೆ ಇನ್ನೊಂದು ಮುಖವಿದೆ. ಪಥಕ್ಕೆಂದೇ ಮಾಡಿದ ರಬ್ಬರು ತಣ್ಣಗಿದ್ದಾಗ ಅಂಟುವುದಿಲ್ಲ, ಬಿಸಿಯಾದ ಮೇಲೆಯೇ ಅದರ ಪ್ರತಾಪ. ಅಗಲವಾದ ಟೈರನ್ನು ಆ ಹದಕ್ಕೆ ತರಲು ತೂಕವಾದರೂ ಬೇಕು, ಶಕ್ತಿಯಾದರೂ ಬೇಕು, ಇಲ್ಲವೇ ನುರಿತ ಕೈ ಬೇಕು. 950 ಕಿಲೋ ಕಾರು, 116 ಅಶ್ವಶಕ್ತಿ, ಮೊದಲ ಸಲ ಪಥಕ್ಕಿಳಿದ ಚಾಲಕಿ — ಈ ಮೂರೂ ಸೇರಿದರೆ ಚಳಿಗಾಲದ ಬೆಳಿಗ್ಗೆ ಅದು ಕಾಯುವುದೇ ಇಲ್ಲ. ಮೇಲಾಗಿ 225ರ ಟೈರಿಗೆ ಕನಿಷ್ಠ ಏಳಂಗುಲ ಅಗಲದ ರಿಮ್ಮು ಬೇಕು. ಅವಳ ಕಾರಿನ ಮೂಲ ರಿಮ್ಮು ಐದೂವರೆ ಅಂಗುಲದ್ದು. ಕಿರಿದಾದ ರಿಮ್ಮಿಗೆ ಅಗಲ ಟೈರನ್ನು ತುರುಕಿದರೆ ಪಕ್ಕೆ ಉಬ್ಬಿಕೊಂಡು ತಿರುವಿನಲ್ಲಿ ಓಲಾಡುತ್ತದೆ. ಸ್ಟಿಯರಿಂಗ್ ತಿರುಗಿಸಿದ್ದು ಒಂದು ಗಳಿಗೆ ತಡವಾಗಿ ಕಾರಿಗೆ ತಿಳಿಯುತ್ತದೆ. ಹೊಸ ರಿಮ್ಮು ತಂದರೆ ಅದು ಮಡ್‌ಗಾರ್ಡಿನ ಅಂಚಿಗೆ ತಗಲುತ್ತದೆ, ಅಂಚನ್ನು ಮಡಿಸಬೇಕು. ಒಂದಕ್ಕೆ ಕೈ ಹಾಕಿದರೆ ನಾಲ್ಕು ಖರ್ಚು. ವಿದ್ಯಾರ್ಥಿವೇತನದಲ್ಲಿ ಬದುಕುವವಳಿಗೆ ಅದೊಂದೇ ಸಾಕಾಗಿತ್ತು ಹಿಂಜರಿಯಲು.

ಇವೆಲ್ಲಕ್ಕಿಂತ ಮುಖ್ಯವಾದ ಕಾರಣ ಬೇರೆಯೇ ಇದೆ. ಅದನ್ನು ಅಪ್ಪನಿಗೆ ವಿವರಿಸಲು ಹೋಗಿ ಅವಳಿಗೇ ಅದು ಸ್ಪಷ್ಟವಾಯಿತು. 60 ಮೀಟರು ತ್ರಿಜ್ಯದ ತಿರುವೊಂದಿದೆ ಎನ್ನಿ. ಸಾಧಾರಣ ಟೈರಿನ ಘರ್ಷಣೆಯ ಗುಣಾಂಕ 0.85 ಎಂದಾದರೆ ಆ ತಿರುವಿನಲ್ಲಿ ಕಾರು ಜಾರುವುದು ಗಂಟೆಗೆ 80 ಕಿಲೋಮೀಟರಿನಲ್ಲಿ. ಪಥದ ಟೈರಿನದು 1.05 ಎಂದಾದರೆ 90ರಲ್ಲಿ. ಹತ್ತು ಕಿಲೋಮೀಟರು ಲಾಭ. ಆದರೆ ಜಾರಿದ ಮೇಲೆ? ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯಲ್ಲೇ ಓದುತ್ತೇವೆ. 80 ಇದ್ದದ್ದು 90 ಆದಾಗ ಅದು ಕಾಲುಭಾಗಕ್ಕಿಂತ ಹೆಚ್ಚು ಬೆಳೆದಿರುತ್ತದೆ. ತಡೆಗೋಡೆಯ ಮುಂದೆ ಲೆಕ್ಕಕ್ಕೆ ಬರುವುದು ಅದು. ಹೊಸಬರು ಜಾರಿಯೇ ಜಾರುತ್ತಾರೆ. ಜಾರುವುದು ಎಷ್ಟು ವೇಗದಲ್ಲಿ ಎಂಬುದನ್ನು ಮಾತ್ರ ಟೈರಿನ ಆಯ್ಕೆಯಲ್ಲಿ ನಿಶ್ಚಯಿಸಿಕೊಳ್ಳಬಹುದು. ಸಾಧಾರಣ ಟೈರು ಕಿರುಗುಟ್ಟಿ, ಗೊಣಗಿ, ಮುನ್ಸೂಚನೆ ಕೊಟ್ಟು ಜಾರುತ್ತದೆ. ಅಂಟು ಹೆಚ್ಚಿದ್ದು ಕೊನೆಯವರೆಗೂ ಸುಮ್ಮನಿದ್ದು ಒಮ್ಮೆಗೇ ಕೈಬಿಡುವ ಸಂಭವ ಹೆಚ್ಚು.

ಕಾರು ತಯಾರಕರೇ ಬೇಕೆಂದು ಹೀಗೆ ಮಾಡಿದ ಉದಾಹರಣೆ ಉಂಟು. 2012ರಲ್ಲಿ ಟೊಯೋಟದವರು ಜಿಟಿ 86 ಎಂಬ ಸ್ಪೋರ್ಟ್ಸ್ ಕಾರನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಹಾಕಿದ್ದು 215/45ಆರ್17 ಅಳತೆಯ, ಪ್ರಿಯಸ್ ಎಂಬ ಇಂಧನ ಉಳಿಸುವ ಕಾರಿಗೂ ಬಳಸುತ್ತಿದ್ದ ಜಾತಿಯ ಟೈರು. ನಕ್ಕವರಿದ್ದರು. ಕಡಿಮೆ ವೇಗದಲ್ಲೇ ಕಾರಿನ ಸ್ವಭಾವ ಚಾಲಕನ ಕೈಗೆ ತಿಳಿಯಲಿ ಎಂಬುದು ಅದರ ಹಿಂದಿದ್ದ ಯೋಚನೆ. ಎಂಎಕ್ಸ್-5 ಕಾರಿನ ಕಥೆಯೂ ಅಂಥದೇ. 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಾಗ ತೋಶಿಹಿಕೋ ಹಿರಾಯ್ ಎಂಬ ಎಂಜಿನಿಯರರ ತಂಡ ಹಿಡಿದ ಸೂತ್ರ 'ಜಿನ್ಬಾ ಇತ್ತಾಯ್', ಕುದುರೆಯೂ ಸವಾರನೂ ಒಂದೇ ಜೀವ ಎಂಬ ಜಪಾನೀ ಮಾತು. 2016ರ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ತಯಾರಾದ ಆ ಕಾರಿಗೆ ಮೊದಲ ದಿನದಿಂದ ಅಗಲ ಟೈರಿನ ಹಂಬಲವಿರಲಿಲ್ಲ. 2015ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಸಾದಾ ಮಾದರಿಗೂ 195/50ಆರ್16ನ್ನೇ ಹಾಕಿದರು.

ಕೊನೆಗೆ ಅವಳು ಹಾಕಿಸಿದ್ದು ಮೂಲ ಅಳತೆಯ 185ನ್ನೇ, ಹೊಸದಾಗಿ, ಬೀದಿಯಲ್ಲಿ ಓಡುವವರು ಹಾಕುವಂಥದು. ಅಂಗಡಿಯವನು ಒಮ್ಮೆ ಮುಖ ನೋಡಿದನಂತೆ.

ಮೊದಲ ದಿನ ಥಂಡರ್‌ಹಿಲ್ ಪಥದಲ್ಲಿ. ಉತ್ತರ ಕ್ಯಾಲಿಫೋರ್ನಿಯದ ವಿಲೋಸ್ ಎಂಬ ಸಣ್ಣ ಊರಿನ ಬಳಿ ಗುಡ್ಡಗಳ ನಡುವೆ ಹರಿದಿರುವ ಮೂರು ಮೈಲಿಯ ಪಥ, ಹದಿನೈದು ತಿರುವು. ಎರಡನೆಯದು ಮುಗಿಯುವುದೇ ಇಲ್ಲವೇನೋ ಎನಿಸುವ ಎಡತಿರುವು. ಮಧ್ಯಾಹ್ನದ ಸರದಿಯಲ್ಲಿ ಅಲ್ಲಿಯೇ ಕಾರು ಜಾರಿತು. ಟೈರು ಕಿರುಗುಟ್ಟಿದ್ದನ್ನು ಕೇಳಿ ಗಾಬರಿಯಾಗಿ ಅವಳು ಆ್ಯಕ್ಸಿಲರೇಟರಿನಿಂದ ಕಾಲು ತೆಗೆದುಬಿಟ್ಟಳು. ಸಾಮಾನ್ಯ ರಸ್ತೆಯಲ್ಲಿ ಯಾರಾದರೂ ಮಾಡುವುದು ಅದನ್ನೇ. ತಿರುವಿನ ನಡುವೆ ಹಾಗೆ ಮಾಡಿದರೆ ಕಾರಿನ ಭಾರ ಮುಂದಕ್ಕೆ ಓಡುತ್ತದೆ, ಹಿಂದಿನ ಗಾಲಿಗಳು ಹಗುರಾಗಿ ಹಿಡಿತ ಬಿಡುತ್ತವೆ. ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿ ಹಿಡಿಯುವಂತೆ ಪಕ್ಕದಲ್ಲಿದ್ದ ಗುರು ಕೂಗಿದರು. ಕಾರು ಒಂದು ಸುತ್ತು ತಿರುಗಿ, ಮಣ್ಣಿಗಿಳಿದು, ಬಂದ ದಾರಿಗೇ ಮುಖ ಮಾಡಿ ನಿಂತಿತು. ಧೂಳು ಕುಡಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆಗ ವೇಗ ಅರವತ್ತೈದನ್ನು ದಾಟಿರಲಿಲ್ಲ.

ಇದನ್ನು ಮನೆಯಲ್ಲಿ ಹೇಳಬೇಕೆ ಬೇಡವೇ ಎಂದು ಅವಳು ಒಂದು ರಾತ್ರಿ ಯೋಚಿಸಿದಳು. ಹೇಳಿದಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಹಿಂದಿನ ಟೈರಿಗೆ ಗಾಳಿ ಎಷ್ಟಿತ್ತು?" ಎಂದು ಕೇಳಿದರು.

36 ಪೌಂಡು! ಬೆಳಿಗ್ಗೆ 29 ತುಂಬಿದ್ದು ಬಿಸಿಯಾಗಿ 36ಕ್ಕೆ ಏರಿತ್ತು. ಕಾವು ಐದೂವರೆ ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯ ಒತ್ತಡ ಹತ್ತಿರಹತ್ತಿರ ಒಂದು ಪೌಂಡು ಏರುತ್ತದೆ. ಪಥದಲ್ಲಿ ಆರೇಳು ಪೌಂಡು ಏರುವುದು ಮಾಮೂಲು. ಒತ್ತಡ ಏರಿದರೆ ಅಂಗೈ ಕುಗ್ಗುತ್ತದೆ; ಮೊದಲ ಪ್ಯಾರಾದ ಭಾಗಾಕಾರವನ್ನೇ ಇನ್ನೊಮ್ಮೆ ಮಾಡಿದರಾಯಿತು. ಅದಕ್ಕೇ ಅನುಭವಸ್ಥರು ಪ್ರತಿ ಸರದಿ ಮುಗಿದೊಡನೆ ಗಾಳಿ ಅಳೆದು, ಹೆಚ್ಚಾದದ್ದನ್ನು ಇಳಿಸುತ್ತಾರೆ. ಸಂಜೆ ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸಿಕೊಳ್ಳುತ್ತಾರೆ, ಇಲ್ಲವಾದರೆ ತಣ್ಣಗಾದ ಟೈರು ಹೆದ್ದಾರಿಯಲ್ಲಿ ಕುಸಿದಿರುತ್ತದೆ. ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ಗೇಜು ಮತ್ತು ಒಂದು ಪುಸ್ತಕ. ಎರಡು ರಿಮ್ಮಿನ ಬೆಲೆಗೆ ಹೋಲಿಸಿದರೆ ಅದೇನು ಮಹಾ.

ಅಲ್ಲಿಂದ ಮುಂದೆ ಆ ಪುಸ್ತಕ ತುಂಬತೊಡಗಿತು. ತಣ್ಣಗಿದ್ದಾಗ ಎಷ್ಟು, ಬಿಸಿಯಾದಾಗ ಎಷ್ಟು, ನಾಲ್ಕು ಗಾಲಿಗಳದೂ ಬೇರೆ ಬೇರೆ; ಸವೆತ ಒಳ ಅಂಚಿನಲ್ಲೋ ಹೊರ ಅಂಚಿನಲ್ಲೋ. ಪುಟಗಳ ಚಿತ್ರ ವಾರಕ್ಕೊಮ್ಮೆ ಹಾಸನಕ್ಕೆ ಹೋಗುತ್ತಿತ್ತು. ಮುಂದಿನ ಟೈರುಗಳ ಹೊರ ಅಂಚು ಬೇಗ ಸವೆಯುತ್ತಿರುವುದನ್ನು ಮೊದಲು ಗಮನಿಸಿದ್ದು ಅಪ್ಪನೇ. ಬಸ್ಸಿನಲ್ಲೂ ಅದೇ ಆಗುತ್ತದೆ, ಗಾಲಿಯ ವಾಲು ನೋಡಿಸು ಎಂದರು. ಅಲೈನ್‌ಮೆಂಟ್ ಮಾಡಿಸಿ ಗಾಲಿಗಳ ತಲೆಯನ್ನು ಕೊಂಚ ಒಳಕ್ಕೆ ವಾಲಿಸಿದ ಮೇಲೆ ಅದೇ 185ರ ಟೈರು ತಿರುವಿನಲ್ಲಿ ಬೇರೆಯದೇ ಅನಿಸಿತಂತೆ.

ಅಳತೆ ಬದಲಿಸಿದ್ದು ಮರುವರ್ಷ, 2023ರಲ್ಲಿ. ಹದಿನಾಲ್ಕಂಗುಲಕ್ಕೆ ಪಥಯೋಗ್ಯ ಟೈರುಗಳ ಆಯ್ಕೆ ಈಗ ಕಡಿಮೆ, ಹದಿನೈದಕ್ಕೆ ಧಾರಾಳ. ಅದೇ ಕಾರಿನ ಎರಡನೆಯ ತಲೆಮಾರಿಗೆ ಕಂಪನಿಯವರೇ ಕೊಡುತ್ತಿದ್ದ 15 ಅಂಗುಲ ವ್ಯಾಸ, 6 ಅಂಗುಲ ಅಗಲದ ರಿಮ್ಮುಗಳು ಹಳೆಯ ಸಾಮಾನಿನಲ್ಲಿ ಅಗ್ಗಕ್ಕೆ ಸಿಕ್ಕಿದವು. ನಾಲ್ಕು ಬೋಲ್ಟು, ಅದೇ ಅಂತರ, ಮಡ್‌ಗಾರ್ಡಿಗೆ ಕೈ ಹಾಕುವ ತಂಟೆಯಿಲ್ಲ. ಅದಕ್ಕೆ 195/50ಆರ್15. ವ್ಯಾಸ 576, ಮೂಲಕ್ಕೂ ಇದಕ್ಕೂ ಎರಡೇ ಮಿಲಿಮೀಟರು ವ್ಯತ್ಯಾಸ. ಸವೆತದ ಸಂಖ್ಯೆ 200 ಇರುವ ಜಾತಿಯದನ್ನು ಆರಿಸಿದಳು. ಅಮೆರಿಕದ ಪದ್ಧತಿಯಲ್ಲಿ ಈ ಸಂಖ್ಯೆ ಚಿಕ್ಕದಾದಷ್ಟೂ ರಬ್ಬರು ಮೆತ್ತಗೆ, ಬೇಗ ಸವೆತ ಎಂದು ಸ್ಥೂಲವಾಗಿ ತಿಳಿಯಬಹುದು. ಆದರೆ ಅದನ್ನು ನಮೂದಿಸುವವರು ತಯಾರಕರೇ ಆದ್ದರಿಂದ ಒಂದು ಕಂಪನಿಯ 200ನ್ನು ಇನ್ನೊಂದರ 200ಕ್ಕೆ ಹೋಲಿಸಿ ಮಾತಾಡುವುದು ವ್ಯರ್ಥ.

ನಾಲ್ಕಕ್ಕೂ ಒಂದೇ ಅಳತೆ. ಹಿಂದಕ್ಕೆ ಅಗಲ, ಮುಂದಕ್ಕೆ ಕಿರಿದು ಹಾಕಿದರೆ ಚೆನ್ನಲ್ಲವೇ ಎಂದು ಕೇಳುವವರುಂಟು. ಲೋಟಸ್ ಎಲೀಸ್ ಕಾರಿನ 1996ರ ಮಾದರಿಯಲ್ಲಿ ಮುಂದೆ 185, ಹಿಂದೆ 205 ಇರುತ್ತಿತ್ತು, ಏಕೆಂದರೆ ಅದರ ಎಂಜಿನ್ನು ಇರುವುದೇ ಬೆನ್ನ ಹಿಂದೆ. ಎಂಎಕ್ಸ್-5ರಲ್ಲಿ ಭಾರ ಮುಂದಕ್ಕೂ ಹಿಂದಕ್ಕೂ ಸರಿಸುಮಾರು ಸಮ. ಒಂದೇ ಅಳತೆಯಿದ್ದರೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಅದಲುಬದಲು ಮಾಡಿ ನಾಲ್ಕನ್ನೂ ಒಟ್ಟಿಗೆ ಸವೆಸಬಹುದು. ಡಿಪೋದಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಅಮ್ಮ ಇವತ್ತಿಗೂ ಆ ದಿನಗಳಲ್ಲಿ ಫೋನು ಹತ್ತಿರವೇ ಇಟ್ಟುಕೊಂಡು ಕೂರುತ್ತಾರೆ. ಕಾರಿನ ಸಾಮಾನ್ಯ ವಿಮೆ ಪಥದ ಮೇಲಿನ ನಷ್ಟಕ್ಕೆ ಹೆಚ್ಚಾಗಿ ಅನ್ವಯಿಸುವುದಿಲ್ಲ, ಅದಕ್ಕೆ ದಿನದ ಲೆಕ್ಕದಲ್ಲಿ ಬೇರೆಯೇ ಪಾಲಿಸಿ ಮಾಡಿಸಬೇಕು ಎಂಬುದನ್ನು ವಿಚಾರಿಸಿ ತಿಳಿಸಿದವರು ಅವರೇ.

195ರ ಜೋಡಿ ಎರಡು ಬೇಸಿಗೆ ಬಾಳಿತು. ಬಿಸಿಲು 40 ಡಿಗ್ರಿ ಮುಟ್ಟಿದ ದಿನಗಳಲ್ಲಿ ಕೊನೆಯ ಸುತ್ತುಗಳಲ್ಲಿ ಅವು ಕಾದು ಸೋಲುತ್ತಿದ್ದವು. ಅದು ಈಗ ಅವಳ ಕೈಗೆ ಗೊತ್ತಾಗುತ್ತಿತ್ತು. ಹಾಗಾಗಿ ಮುಂದಿನದು 205/50ಆರ್15, ಅದೇ ಆರಂಗುಲದ ರಿಮ್ಮಿಗೆ. ವ್ಯಾಸ 586, ಗೇರಿನ ಲೆಕ್ಕದಲ್ಲಿ ನೂರಕ್ಕೆ ಒಂದೂವರೆಯಷ್ಟು ನಷ್ಟ. ಪಕ್ಕೆ ಎಷ್ಟು ಓಲಾಡುತ್ತದೆಂದು ನೋಡಿ, ತೀರ ಹೆಚ್ಚೆನಿಸಿದರೆ ಮಾತ್ರ ಏಳಂಗುಲದ ರಿಮ್ಮು ಎಂದು ಪುಸ್ತಕದಲ್ಲಿ ಬರೆದಿದ್ದಾಳೆ. 225ರ ಬೆಲೆಪಟ್ಟಿಯನ್ನೂ ಅದೇ ಪುಟಕ್ಕೆ ಪಿನ್ನು ಹಾಕಿ ಇಟ್ಟಿದ್ದಾಳೆ. ಅದರ ಚಿತ್ರ ಹಾಸನಕ್ಕೆ ಇನ್ನೂ ಹೋಗಿಲ್ಲ.